ಡೆಸ್ಕ್‌ಟಾಪಿಗೆ ನೀವೇ ಸೌಂಡ್ ಕಾರ್ಡ್ ಮಾಡುವುದು: ಪವರ್ ಮೊದಲು, ಚಿಪ್ ಆಮೇಲೆ

ಸೌಂಡ್ ಕಾರ್ಡ್ ಮಾಡಬೇಕು ಅಂತ ನನ್ನ ಹತ್ತಿರ ಬರುವವರೆಲ್ಲ ಮೊದಲು ಕೇಳುವುದು ಒಂದೇ. ಯಾವ ಡ್ಯಾಕ್ ಚಿಪ್ (ಕಂಪ್ಯೂಟರಿನ ಅಂಕಿಗಳನ್ನು ಸದ್ದಿನ ಸಿಗ್ನಲ್ ಮಾಡುವ ಚಿಪ್) ಹಾಕೋಣ? ಸುರತ್ಕಲ್, ಮಣಿಪಾಲ, ನಿಟ್ಟೆ ಕಡೆಯ ಇಂಜಿನಿಯರಿಂಗ್ ಮಕ್ಕಳು ಬಂದರೂ ಅದೇ, ಸ್ವಂತ ಸ್ಟುಡಿಯೋ ಇಟ್ಟವರು ಬಂದರೂ ಅದೇ. ಚಿಪ್ ಮಾತು ಆಮೇಲೆ ಆಡೋಣ, ಮೊದಲು ಕರೆಂಟ್ ಎಲ್ಲಿಂದ ಬರುತ್ತದೆ, ಯಾವ ದಾರಿಯಲ್ಲಿ ವಾಪಸ್ ಹೋಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ ಅನ್ನುತ್ತೇನೆ. ಆ ಹಾಳೆ ಸರಿಯಾಗಿದ್ದರೆ ಸಾಧಾರಣ ಚಿಪ್ ಕೂಡ ಚೆನ್ನಾಗಿ ಹಾಡುತ್ತದೆ. ಹಾಳೆ ತಪ್ಪಿದ್ದರೆ ಎಷ್ಟು ದುಬಾರಿ ಚಿಪ್ ಹಾಕಿದರೂ ಮೌಸ್ ಅಲ್ಲಾಡಿಸಿದಾಗ ಹೆಡ್‌ಫೋನಿನಲ್ಲಿ ಕಿರ್ರ್ ಅನ್ನುವುದು ತಪ್ಪುವುದಿಲ್ಲ.

ನನ್ನ ಕೆಲಸ ಉಡುಪಿಯಲ್ಲಿ. ಆಂಪ್ಲಿಫೈಯರ್, ಮಿಕ್ಸರ್ ರಿಪೇರಿ ಮಾಡುತ್ತೇನೆ. ಜೊತೆಗೆ ಹಳೆಯ ಕ್ಯಾಸೆಟ್, ಸ್ಪೂಲುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆ. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಈ ಕೆಲಸ ಜಾಸ್ತಿ. ಮಳೆ ಹಿಡಿಯುತ್ತಿದ್ದ ಹಾಗೆ ಮನೆಯ ಕಪಾಟಿನಲ್ಲಿದ್ದ ತಾಳಮದ್ದಳೆ ಕ್ಯಾಸೆಟ್ಟುಗಳಿಗೆ ಬೂಷ್ಟು ಬಂದೀತು ಅಂತ ಜನ ಹೊತ್ತು ತರುತ್ತಾರೆ. ಕೆಲವು ಟೇಪು ಒಂದು ಸಲ ಓಡಿದರೆ ಪುಣ್ಯ. ಇನ್ನೊಂದು ಸಲ ಓಡಿಸುವ ಧೈರ್ಯ ಇರುವುದಿಲ್ಲ. ಅರ್ಥಧಾರಿ ಒಂದು ಮಾತು ಹೇಳಿ ಎರಡು ಕ್ಷಣ ಸುಮ್ಮನಾಗುತ್ತಾರೆ. ಆ ಬಿಡುವಿನಲ್ಲಿ ಟೇಪಿನ ಸುಯ್ ಸದ್ದು ಕೇಳಲಿ, ತೊಂದರೆ ಇಲ್ಲ, ಅದು ಅಂದಿನದ್ದೇ. ಅದರ ಮೇಲೆ ಇಂದಿನ ಕಂಪ್ಯೂಟರಿನ ಗಲಾಟೆ ಕೂತುಕೊಂಡರೆ ಮಾತ್ರ ನನಗೆ ಸಂಕಟವಾಗುತ್ತದೆ. ಇಳಿಸುವಾಗ ಸೇರಿದ ಗಲಾಟೆಯನ್ನು ಆಮೇಲೆ ಯಾವ ಸಾಫ್ಟ್‌ವೇರ್ ಕೂಡ ಪೂರ್ತಿ ತೆಗೆಯುವುದಿಲ್ಲ. ಸ್ವಲ್ಪ ಮಾತನ್ನೂ ಜೊತೆಗೆ ಕೊಂಡೊಯ್ಯುತ್ತದೆ.

ಹಾಗಾದರೆ ಹೊರಗಿನ ಯುಎಸ್‌ಬಿ ಇಂಟರ್‌ಫೇಸ್ ತಗೊಂಡರೆ ಸಾಕಲ್ವಾ? ಸಾಕು. ಬರೀ ಕೆಲಸ ಆಗಬೇಕಿದ್ದರೆ ಅದನ್ನೇ ತಗೊಳ್ಳಿ. ನನ್ನ ವರ್ಕ್‌ಸ್ಟೇಷನ್ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಕೂರುತ್ತದೆ. ಮೇಜಿನ ಮೇಲೆ ಪೆಟ್ಟಿಗೆ, ಅಡಾಪ್ಟರ್, ಕಾಲಿಗೆ ಸಿಕ್ಕುವ ಕೇಬಲ್ ನನಗೆ ಬೇಡ. ಕ್ಯಾಬಿನೆಟ್‌ನೊಳಗೇ ಸ್ಕ್ರೂ ಹಾಕಿ ಕೂರಿಸಿದ ಕಾರ್ಡನ್ನು ಯಾರೂ ಎಳೆಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅನಲಾಗ್ ವಿನ್ಯಾಸ ಕಲಿಯಲು ಇದಕ್ಕಿಂತ ಕಠಿಣವಾದ ಜಾಗ ಸಿಗುವುದಿಲ್ಲ.

ಎಷ್ಟು ಸಣ್ಣದನ್ನು ಕಾಪಾಡಬೇಕು

ಲೆಕ್ಕದಿಂದ ಶುರು ಮಾಡೋಣ. ಕಾರ್ಡಿನ ಪೂರ್ಣ ಮಟ್ಟದ ಔಟ್‌ಪುಟ್ 2 ವೋಲ್ಟ್ ಇರಲಿ. ಗಲಾಟೆ ಅದಕ್ಕಿಂತ 120 ಡೆಸಿಬೆಲ್ ಕೆಳಗಿರಬೇಕು, ಅಂದರೆ ಅದರ ಹತ್ತು ಲಕ್ಷದಲ್ಲಿ ಒಂದು ಪಾಲು, 2 ಮೈಕ್ರೋವೋಲ್ಟ್. ಡೆಸ್ಕ್‌ಟಾಪುಗಳಿಗೆ ಇರುವ ಎಟಿಎಕ್ಸ್ ನಿಯಮದ ಪ್ರಕಾರ ಕಂಪ್ಯೂಟರ್ ಪವರ್ ಸಪ್ಲೈಯ 12 ವೋಲ್ಟ್ ಲೈನಿನಲ್ಲಿ 120 ಮಿಲಿವೋಲ್ಟ್ ತನಕ ಏರಿಳಿತ ಇರಬಹುದು. ಎರಡನ್ನೂ ಪಕ್ಕಪಕ್ಕ ಇಡಿ. ಒಂದು ಇನ್ನೊಂದರ 60,000 ಪಟ್ಟು. ನಾವು ಕಟ್ಟಬೇಕಾದ ಅಣೆಕಟ್ಟು ಅಷ್ಟು ಎತ್ತರದ್ದು.

ಅದೇ 12 ವೋಲ್ಟಿನಿಂದಲೇ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯುತ್ತವೆ. ಅವುಗಳ ರೆಗ್ಯುಲೇಟರ್ (ವೋಲ್ಟೇಜನ್ನು ಹದಕ್ಕೆ ತರುವ ಸರ್ಕ್ಯೂಟ್) ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್ ಆಫ್ ಆಗುತ್ತವೆ. ಅಷ್ಟು ಎತ್ತರದ ಸ್ವರ ಕಿವಿಗೆ ಕೇಳುವುದಿಲ್ಲ ನಿಜ. ಆದರೆ ಪರದೆಯ ಮೇಲೆ ಏನಾದರೂ ಸರಿದಾಗ ಗ್ರಾಫಿಕ್ಸ್ ಕಾರ್ಡ್ ಕರೆಂಟನ್ನು ಬಿಟ್ಟು ಬಿಟ್ಟು ಎಳೆಯುತ್ತದೆ. ಆ ಬಿಟ್ಟು ಬಿಟ್ಟು ಎಳೆಯುವ ಲಯ ಕಿವಿಗೆ ಕೇಳುವ ವಲಯದಲ್ಲೇ ಇದೆ. ಮೇಲಾಗಿ ಆಪ್ಆಂಪ್ (ಸಿಗ್ನಲನ್ನು ಹಿಗ್ಗಿಸುವ ಚಿಪ್) ಒಳಗೆ ಎತ್ತರದ ಆವರ್ತನ ನುಗ್ಗಿದರೆ ಅದು ಡಯೋಡ್ ಹಾಗೆ ವರ್ತಿಸಿ, ಕೇಳದ ಸದ್ದನ್ನು ಕೇಳುವ ಸದ್ದಾಗಿ ಮಾಡುತ್ತದೆ. ಮೌಸ್ ಜೊತೆ ಬರುವ ಕಿರ್ರ್ ಅದೇ.

ರೆಸಿಸ್ಟರಿಗೂ ತನ್ನದೇ ಗಲಾಟೆ ಇದೆ ಅನ್ನುವುದನ್ನು ಮರೆಯಬೇಡಿ. 1 ಕಿಲೋ ಓಮ್ ರೆಸಿಸ್ಟರ್ ಸುಮ್ನೆ ಕೂತಿದ್ದರೂ 20 ಕಿಲೋಹರ್ಟ್ಸ್ ವ್ಯಾಪ್ತಿಯಲ್ಲಿ ಸುಮಾರು 0.6 ಮೈಕ್ರೋವೋಲ್ಟ್ ಗಲಾಟೆ ಮಾಡುತ್ತದೆ. 10 ಕಿಲೋ ಓಮ್ ಆದರೆ 1.8. ಅಂದರೆ ಸಿಗ್ನಲ್ ದಾರಿಯಲ್ಲಿ ಒಂದೇ ಒಂದು 10 ಕಿಲೋ ಓಮ್ ರೆಸಿಸ್ಟರ್ ಇಟ್ಟರೆ ನಮ್ಮ 2 ಮೈಕ್ರೋವೋಲ್ಟ್ ಲೆಕ್ಕ ಅಲ್ಲಿಗೇ ಮುಗಿಯಿತು. ಪುಸ್ತಕದ ಸರ್ಕ್ಯೂಟುಗಳಲ್ಲಿ 10 ಕಿಲೋ, 47 ಕಿಲೋ ಧಾರಾಳವಾಗಿ ಇರುತ್ತದೆ. ಇಲ್ಲಿ 1 ಕಿಲೋ ಒಳಗೇ ಕೆಲಸ ಮುಗಿಸಿ.

ಕಂಪ್ಯೂಟರಿನಿಂದ ಡೇಟಾ ತರುವ ದಾರಿ

ಇಲ್ಲಿ ಜಾಸ್ತಿ ಹೊತ್ತು ನಿಲ್ಲುವುದು ಬೇಡ. ಮೊದಲೆಲ್ಲ ಮದರ್‌ಬೋರ್ಡಿನ ಪಿಸಿಐ ಸ್ಲಾಟಿಗೆ ಹಾಕುವ ಕಾರ್ಡಿನಲ್ಲಿ ಸಿ-ಮೀಡಿಯಾದ ಸಿಎಂಐ8788, ವಿಐಎದ ಎನ್ವಿ24 ತರಹದ ಚಿಪ್ ಹಾಕುತ್ತಿದ್ದರು. ಇವತ್ತು ಹೊಸದಾಗಿ ಮಾಡುವವರಿಗೆ ನನ್ನ ಸಲಹೆ ಬೇರೆ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಿಂದ ಒಂದು ಯುಎಸ್‌ಬಿ ಹೋಸ್ಟ್ ಚಿಪ್, ಅದೇ ಬೋರ್ಡಿನ ಮೇಲೆ ಅದರ ಒಂದು ಪೋರ್ಟಿಗೆ ಎಕ್ಸ್‌ಮಾಸ್ ಕಂಪನಿಯ ಆಡಿಯೋ ಪ್ರೊಸೆಸರ್. ರೆನೆಸಾಸ್ ಕಂಪನಿಯ ಯುಪಿಡಿ720202 ಹೋಸ್ಟ್ ಚಿಪ್ ಆಗುತ್ತದೆ. ಅದಕ್ಕೆ 3.3 ಮತ್ತು 1.05 ವೋಲ್ಟ್ ಬೇಕು, 24 ಮೆಗಾಹರ್ಟ್ಸ್ ಕ್ರಿಸ್ಟಲ್ ಬೇಕು, ಫರ್ಮ್‌ವೇರಿಗೆ ಒಂದು ಸಣ್ಣ ಫ್ಲ್ಯಾಶ್ ಬೇಕು.

ಈ ದಾರಿ ಯಾಕೆ ಅಂದರೆ ಡ್ರೈವರ್ ಬರೆಯುವ ತಲೆನೋವು ಇಲ್ಲ. ಯುಎಸ್‌ಬಿ ಆಡಿಯೋ ಕ್ಲಾಸ್ 2 (ಯುಎಸ್‌ಬಿಯಲ್ಲಿ ಸದ್ದು ಕಳಿಸುವ ಸಾಮಾನ್ಯ ನಿಯಮ) ಅನ್ನು ಲಿನಕ್ಸ್, ಮ್ಯಾಕ್ ಎರಡೂ ತಾವಾಗಿಯೇ ಗುರುತಿಸುತ್ತವೆ. ವಿಂಡೋಸ್ 10ರಲ್ಲೂ 2017ರ 1703 ಆವೃತ್ತಿಯಿಂದ ಇದೆ. ಒಬ್ಬರೇ ಕೂತು ಕಾರ್ಡ್ ಮಾಡುವವರು ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬರೆಯುವ ಚಿಪ್) ಹಾಕಿ ಪಿಸಿಐ ಎಕ್ಸ್‌ಪ್ರೆಸ್ ಡ್ರೈವರ್ ಬರೆಯಲು ಹೊರಟರೆ ಅನಲಾಗ್ ಭಾಗಕ್ಕೆ ಬರುವ ಹೊತ್ತಿಗೆ ಉತ್ಸಾಹವೇ ಉಳಿಯುವುದಿಲ್ಲ.

ಸ್ಲಾಟ್ ಕಡೆ ನೆನಪಿಡಬೇಕಾದದ್ದು ಇಷ್ಟು. ಒಂದು ಲೇನಿನ ಸ್ಲಾಟಿಗೆ ಎರಡೂ ಬದಿ ಸೇರಿ 36 ಸಂಪರ್ಕ. ಕಾರ್ಡ್ ಕಳಿಸುವ ಜೋಡಿ ತಂತಿಗಳಿಗೆ ಮಾತ್ರ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ನಿಮ್ಮ ಬೋರ್ಡಿನಲ್ಲಿ ಇರಬೇಕು. ಮದರ್‌ಬೋರ್ಡ್ ಕಳಿಸುವ ಜೋಡಿಗೆ ಅದು ಆ ಕಡೆಯೇ ಇರುತ್ತದೆ. ಸ್ಲಾಟಿಗೆ ಕೂರುವ ಅಂಚಿನ ಚಿನ್ನದ ಬೆರಳುಗಳ ಕೆಳಗೆ ಒಳಪದರದ ತಾಮ್ರ ತೆಗೆದುಬಿಡಿ. ಬೋರ್ಡ್ ಬಿಡಿಸುವ ಕಿಕ್ಯಾಡ್ ಸಾಫ್ಟ್‌ವೇರಿನಲ್ಲಿ ಈ ಅಂಚಿನ ನಕ್ಷೆ ಸಿದ್ಧವಾಗಿ ಸಿಗುತ್ತದೆ, ಸ್ವಂತ ಬಿಡಿಸುವ ಅಗತ್ಯ ಇಲ್ಲ. ಬೋರ್ಡ್ ಮಾಡಲು ಕೊಡುವಾಗ ಬೆರಳುಗಳಿಗೆ ಗಟ್ಟಿ ಚಿನ್ನದ ಲೇಪ, ಅಂಚು ಓರೆ, ದಪ್ಪ 1.57 ಮಿಲಿಮೀಟರ್ ಅಂತ ಸ್ಪಷ್ಟವಾಗಿ ಬರೆಯಿರಿ. ಮಾಮೂಲಿ ತೆಳು ಚಿನ್ನದ ಲೇಪ ನಮ್ಮ ಕರಾವಳಿಯ ಗಾಳಿಗೆ ಬಹಳ ದಿನ ನಿಲ್ಲುವುದಿಲ್ಲ.

ಪವರ್

ಈ ಕಾರ್ಡಿನ ಜೀವ ಇರುವುದು ಇಲ್ಲಿ. ಒಂದು ಲೇನಿನ ಸ್ಲಾಟ್ 12 ವೋಲ್ಟಿನಲ್ಲಿ 0.5 ಆಂಪಿಯರ್ ಕೊಡುತ್ತದೆ, 3.3 ವೋಲ್ಟಿನಲ್ಲಿ 3 ಆಂಪಿಯರ್. ಒಟ್ಟು 10 ವಾಟ್ ಒಳಗೆ ಇರಬೇಕು. ನಾನು ಡಿಜಿಟಲ್ ಭಾಗವನ್ನೆಲ್ಲ 3.3 ವೋಲ್ಟಿಗೆ ಹಾಕಿ, 12 ವೋಲ್ಟನ್ನು ಅನಲಾಗ್ ಭಾಗಕ್ಕೆ ಮಾತ್ರ ಮೀಸಲಿಡುತ್ತೇನೆ. ಅನಲಾಗ್ ಕಡೆಗೆ 3 ವಾಟ್ ಬೇಕು ಅಂದುಕೊಳ್ಳಿ. ನಡುವೆ ನಾಲ್ಕನೇ ಒಂದು ಭಾಗ ಬಿಸಿಯಾಗಿ ಹೋದರೂ ಸ್ಲಾಟಿನಿಂದ ಎಳೆಯುವುದು 4 ವಾಟ್, ಅಂದರೆ 0.33 ಆಂಪಿಯರ್. ಮಿತಿಯೊಳಗೆ ಆರಾಮಾಗಿ ಕೂರುತ್ತದೆ.

ಈ 12 ವೋಲ್ಟನ್ನು ನೇರವಾಗಿ ಫಿಲ್ಟರ್ ಮಾಡಿ ಬಳಸಬೇಡಿ. ನಮಗೆ ಮೈನಸ್ ವೋಲ್ಟೇಜ್ ಕೂಡ ಬೇಕು. ಜೊತೆಗೆ ಗ್ರೌಂಡ್ ಬೇರೆಯಾಗಬೇಕು. ಎರಡಕ್ಕೂ ಒಂದೇ ಉತ್ತರ ಸಣ್ಣ ಟ್ರಾನ್ಸ್‌ಫಾರ್ಮರ್. ಅದನ್ನು ಓಡಿಸಲು ಎಲ್‌ಟಿ3439 ಅನ್ನುವ ಚಿಪ್ ನನಗೆ ಇಷ್ಟ. ಇದರ ವಿಶೇಷ ಏನೆಂದರೆ ಸ್ವಿಚ್ ಆಗುವ ಅಂಚನ್ನು ನಿಧಾನ ಮಾಡಬಹುದು. ಮಾಮೂಲಿ ಕನ್ವರ್ಟರಿನ ಅಲೆಯ ಅಂಚು ಕತ್ತಿಯ ಹಾಗೆ ನೆಟ್ಟಗಿರುತ್ತದೆ, ಅದರಿಂದ ಹತ್ತಾರು ಮೆಗಾಹರ್ಟ್ಸ್ ತನಕ ಕಸ ಹಾರುತ್ತದೆ. ಅಂಚನ್ನು ಓರೆ ಮಾಡಿದರೆ ಸ್ವಲ್ಪ ದಕ್ಷತೆ ಹೋಗುತ್ತದೆ, ಕಸವೂ ಹೋಗುತ್ತದೆ. ಆವರ್ತನ 200 ಕಿಲೋಹರ್ಟ್ಸ್ ಹತ್ತಿರ ಇಡಿ, ಕಿವಿಯ ವಲಯದಿಂದ ದೂರ.

ಟ್ರಾನ್ಸ್‌ಫಾರ್ಮರಿನ ಸುತ್ತನ್ನು 12 ವೋಲ್ಟಿಗೆ ಲೆಕ್ಕ ಹಾಕಬೇಡಿ, 11ಕ್ಕೆ ಹಾಕಿ. ಸ್ಲಾಟಿನ 12 ವೋಲ್ಟ್ ಶೇಕಡಾ 8ರಷ್ಟು ಕೆಳಗೆ ಬಂದರೂ ನಿಯಮದ ಒಳಗೇ ಇರುತ್ತದೆ. ಆ ಹೊತ್ತಿನಲ್ಲೂ ಈ ಕಡೆ 14 ವೋಲ್ಟಿನಷ್ಟು ಸಿಗಬೇಕು. ಆಮೇಲೆ ಒಂದು ಇಂಡಕ್ಟರ್, ಕೆಪಾಸಿಟರ್. ಅದರ ನಂತರ ಲೀನಿಯರ್ ರೆಗ್ಯುಲೇಟರ್: ಪ್ಲಸ್ 12ಕ್ಕೆ ಎಲ್‌ಟಿ3045, ಮೈನಸ್ 12ಕ್ಕೆ ಎಲ್‌ಟಿ3094. ಎರಡರ ಗಲಾಟೆಯೂ 10 ಹರ್ಟ್ಸಿನಿಂದ 100 ಕಿಲೋಹರ್ಟ್ಸ್ ತನಕ ಸೇರಿ 0.8 ಮೈಕ್ರೋವೋಲ್ಟ್ ಮಾತ್ರ. ಹಿಂದಿನಿಂದ ಬರುವ ಏರಿಳಿತವನ್ನು ಒಂದು ಮೆಗಾಹರ್ಟ್ಸಿನಲ್ಲೂ 70 ಡೆಸಿಬೆಲ್‌ಗಿಂತ ಜಾಸ್ತಿ ತಡೆಯುತ್ತವೆ. ದುಬಾರಿ, ಒಪ್ಪುತ್ತೇನೆ. ಹಣ ಉಳಿಸಬೇಕಿದ್ದರೆ ಡ್ಯಾಕ್ ಚಿಪ್ಪಿನಲ್ಲಿ ಉಳಿಸಿ, ಇಲ್ಲಿ ಬೇಡ. ಡ್ಯಾಕ್‌ನ 5 ವೋಲ್ಟಿಗೆ, ಸ್ಯಾಂಪಲುಗಳಿಗೆ ಹೊತ್ತು ಹೇಳುವ ಕ್ಲಾಕ್‌ನ 3.3 ವೋಲ್ಟಿಗೆ ಬೇರೆ ಬೇರೆ ರೆಗ್ಯುಲೇಟರ್ ಇಡಿ. ಒಂದನ್ನೇ ಇಬ್ಬರಿಗೆ ಹಂಚಬೇಡಿ.

ಗ್ರೌಂಡ್

ಕರೆಂಟ್ ಹೋದ ಹಾಗೆಯೇ ವಾಪಸ್ ಬರಬೇಕು. ಆಟಿ ತಿಂಗಳ ಮಳೆನೀರು ತೋಡು ಇದ್ದರೆ ತೋಡಿನಲ್ಲಿ ಹೋಗುತ್ತದೆ, ಇಲ್ಲದಿದ್ದರೆ ಅಂಗಳದ ಮೇಲೆಯೇ ಹೋಗುತ್ತದೆ. ಗ್ರಾಫಿಕ್ಸ್ ಕಾರ್ಡಿನ ಕರೆಂಟ್ ವಾಪಸ್ ಹೋಗುವ ದಾರಿಯಲ್ಲಿ ನಿಮ್ಮ ಅನಲಾಗ್ ಗ್ರೌಂಡ್ ಇದ್ದರೆ ಅದು ಅಲ್ಲಿಂದಲೇ ಹೋಗುತ್ತದೆ. ಅದಕ್ಕೇ ಬೋರ್ಡನ್ನು ಎರಡು ಪಾಲು ಮಾಡಿ. ಸ್ಲಾಟಿನ ಪಾಲಿನಲ್ಲಿ ಹೋಸ್ಟ್ ಚಿಪ್ ಮತ್ತು ಎಕ್ಸ್‌ಮಾಸ್, ಇನ್ನೊಂದರಲ್ಲಿ ಕ್ಲಾಕ್, ಡ್ಯಾಕ್, ಎಡಿಸಿ (ಹೊರಗಿನ ಸಿಗ್ನಲನ್ನು ಅಂಕಿ ಮಾಡುವ ಚಿಪ್), ಆಪ್ಆಂಪ್. ನಡುವೆ ಕೆಲವು ಮಿಲಿಮೀಟರ್ ಅಗಲದ ಗಡಿ, ಅಲ್ಲಿ ಯಾವ ಪದರದಲ್ಲೂ ತಾಮ್ರ ಇಲ್ಲ. ಪವರ್, ಡೇಟಾ ಗಡಿ ದಾಟುವುದು ಎರಡೇ ಕಡೆ: ಪವರಿನ ಟ್ರಾನ್ಸ್‌ಫಾರ್ಮರ್, ಡೇಟಾದ ಡಿಜಿಟಲ್ ಐಸೊಲೇಟರ್ (ತಂತಿ ತಾಗಿಸದೆ ಡೇಟಾ ದಾಟಿಸುವ ಚಿಪ್). ಒಂದೊಂದು ಪಾಲಿನ ಒಳಗೆ ಮಾತ್ರ ಗ್ರೌಂಡ್ ಅಖಂಡವಾಗಿರಲಿ. ಒಂದೇ ಪಾಲಿನಲ್ಲಿ ಮತ್ತೆ ಅನಲಾಗ್ ಗ್ರೌಂಡ್, ಡಿಜಿಟಲ್ ಗ್ರೌಂಡ್ ಅಂತ ಸೀಳುವ ಹಳೆಯ ಅಭ್ಯಾಸ ಬಿಡಿ. ಸೀಳಿನ ಮೇಲೆ ಹಾದುಹೋಗುವ ಪ್ರತಿ ತಂತಿಯೂ ಆಂಟೆನಾ ಆಗುತ್ತದೆ.

ಈಗ ಒಂದು ಸೂಕ್ಷ್ಮ. ಟ್ರಾನ್ಸ್‌ಫಾರ್ಮರಿನ ಎರಡು ಸುತ್ತುಗಳ ನಡುವೆಯೇ ಸ್ವಲ್ಪ ಕೆಪಾಸಿಟನ್ಸ್ ಇರುತ್ತದೆ. ಸ್ವಿಚಿಂಗ್ ಕಸ ಅದರ ಮೂಲಕ ಗಡಿ ದಾಟಿಬಿಡುತ್ತದೆ. ದಾಟಿದ್ದು ವಾಪಸ್ ಹೋಗಲು ಹತ್ತಿರದ ದಾರಿ ಹುಡುಕುತ್ತದೆ. ನೀವು ಕೊಡದಿದ್ದರೆ ಔಟ್‌ಪುಟ್ ಕೇಬಲ್ ಹಿಡಿದು, ಆಂಪ್ಲಿಫೈಯರ್ ಸುತ್ತಿ, ಮನೆಯ ಅರ್ಥಿಂಗ್ ಮೂಲಕ ಹೋಗುತ್ತದೆ. ಆದ್ದರಿಂದ ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲೇ ಎರಡೂ ಗ್ರೌಂಡ್ ನಡುವೆ 10 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ, ಅದಕ್ಕೆ ಸಮಾನಾಂತರವಾಗಿ 1 ಮೆಗಾ ಓಮ್ ರೆಸಿಸ್ಟರ್. 10 ಮೆಗಾಹರ್ಟ್ಸಿನ ಕಸಕ್ಕೆ ಈ ಕೆಪಾಸಿಟರ್ 1.6 ಓಮ್ ಮಾತ್ರ, ಬಾಗಿಲು ತೆರೆದ ಹಾಗೆಯೇ. ಮನೆಯ ಕರೆಂಟಿನ 50 ಹರ್ಟ್ಸಿಗೆ ಅದೇ ಕೆಪಾಸಿಟರ್ 3 ಲಕ್ಷ ಓಮ್ ಮೀರುತ್ತದೆ. ಹಮ್ ದಾಟುವುದಿಲ್ಲ. ಈ ಒಂದು ಬಿಡಿಭಾಗದ ಬೆಲೆ ಒಂದೆರಡು ರೂಪಾಯಿ. ಇದನ್ನು ಹಾಕಿ, ತೆಗೆದು, ಎರಡು ಸಲವೂ ಅಳೆದು ನೋಡಿ ಅಂತ ನನ್ನ ಹತ್ತಿರ ಕಲಿಯಲು ಬಂದವರಿಗೆ ಹೇಳುತ್ತೇನೆ. ಪುಸ್ತಕದಲ್ಲಿ ಓದಿದ್ದು ಆಗ ಕೈಗೆ ಬರುತ್ತದೆ.

ಹಾಗೆಯೇ ಪ್ಲಗ್ ಪಾಯಿಂಟ್ ಕಡೆಗೂ ಒಮ್ಮೆ ನೋಡಿ. ನಮ್ಮ ಕಡೆ ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಅರ್ಥಿಂಗ್ ಚೆನ್ನಾಗಿರುತ್ತದೆ, ಏಪ್ರಿಲ್ ಮೇ ಬಂತೆಂದರೆ ನೆಲ ಒಣಗಿ ದುರ್ಬಲವಾಗುತ್ತದೆ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ಎಸಿ ವೋಲ್ಟೇಜ್ ಅಳೆಯಿರಿ. ಒಂದೆರಡು ವೋಲ್ಟ್ ದಾಟಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಗುಂಡಿ ನೋಡಿಸಿ, ಆಮೇಲೆ ಕಾರ್ಡಿನ ಹಮ್ ಬಗ್ಗೆ ಯೋಚಿಸಿ.

ಕ್ಲಾಕ್

ಡ್ಯಾಕ್ ಪ್ರತಿ ಸ್ಯಾಂಪಲನ್ನು (ಸದ್ದಿನ ಒಂದೊಂದು ಅಳತೆಯನ್ನು) ಸರಿಯಾದ ಹೊತ್ತಿಗೆ ಹೊರಗೆ ಬಿಡಬೇಕು. ಹೊತ್ತು ಆಚೆ ಈಚೆ ಆದರೆ ಅದೂ ಗಲಾಟೆಯೇ. 10 ಕಿಲೋಹರ್ಟ್ಸಿನ ಸ್ವರದಲ್ಲಿ ಕ್ಲಾಕ್ 100 ಪಿಕೋಸೆಕೆಂಡ್ ಅತ್ತಿತ್ತ ನಡುಗಿದರೆ ಗಲಾಟೆ 104 ಡೆಸಿಬೆಲ್ ಕೆಳಗೆ ನಿಲ್ಲುತ್ತದೆ. 10 ಪಿಕೋಸೆಕೆಂಡಿಗೆ ಇಳಿಸಿದರೆ 124. ಕ್ಲಾಕಿನ ಮಿಡಿತ ಹುಟ್ಟಿಸುವ ಆಸಿಲೇಟರ್ ಎರಡು ಬೇಕು: ಸ್ಯಾಂಪಲ್ ವೇಗದ 44.1 ಕಿಲೋಹರ್ಟ್ಸ್ ಕುಟುಂಬಕ್ಕೆ 22.5792 ಮೆಗಾಹರ್ಟ್ಸ್, 48ರ ಕುಟುಂಬಕ್ಕೆ 24.576. ಒಂದು ಓಡುವಾಗ ಇನ್ನೊಂದನ್ನು ಎನೇಬಲ್ ಪಿನ್ನಿನಿಂದ ಪೂರ್ತಿ ನಿಲ್ಲಿಸಿ. ಎರಡೂ ಒಟ್ಟಿಗೆ ಓಡಿದರೆ ಒಂದರ ಮೇಲೊಂದು ಪ್ರಭಾವ ಬೀರುತ್ತವೆ.

ಆಸಿಲೇಟರ್ ಇರಬೇಕಾದ್ದು ಡ್ಯಾಕ್ ಪಕ್ಕದಲ್ಲಿ, ಗಡಿಯ ಈ ಕಡೆ. ಅಲ್ಲಿಂದ ಒಂದು ತಂತಿ ನೇರ ಡ್ಯಾಕಿಗೆ, ಒಂದು ಎಡಿಸಿಗೆ, ಇನ್ನೊಂದು ಐಸೊಲೇಟರ್ ದಾಟಿ ಎಕ್ಸ್‌ಮಾಸಿಗೆ. ಎಕ್ಸ್‌ಮಾಸ್ ಈ ಕ್ಲಾಕಿಗೆ ತಕ್ಕ ಹಾಗೆ ಕಂಪ್ಯೂಟರಿನಿಂದ ಡೇಟಾ ಕೇಳಿಕೊಳ್ಳುತ್ತದೆ. ಯಜಮಾನಿಕೆ ಡ್ಯಾಕ್ ಕಡೆಯದು. ಎಕ್ಸ್‌ಮಾಸಿನಿಂದ ಬರುವ ಡೇಟಾ ಐಸೊಲೇಟರ್ ದಾಟುವಾಗ ನೂರಾರು ಪಿಕೋಸೆಕೆಂಡ್ ನಡುಕ ಹತ್ತಿಸಿಕೊಂಡು ಬರುತ್ತದೆ. ಗಡಿ ದಾಟಿದ ಮೇಲೆ ಫ್ಲಿಪ್‌ಫ್ಲಾಪ್ (ಕ್ಲಾಕ್ ಹೊಡೆದಾಗ ಮಾತ್ರ ಡೇಟಾವನ್ನು ಮುಂದೆ ಬಿಡುವ ಚಿಪ್) ಇಟ್ಟು, ಶುದ್ಧ ಕ್ಲಾಕಿನಿಂದ ಮತ್ತೆ ಹೊಡೆಸಿ. ಹೋಗಿ ಬರುವ ತಡ ಸೇರಿ ಡೇಟಾ ಬದಲಾಗುವ ಕ್ಷಣ ಕ್ಲಾಕಿನ ಅಂಚಿಗೇ ಬಂದು ಬೀಳುವ ಸಂದರ್ಭ ಇದೆ. ಆಸಿಲೋಸ್ಕೋಪಿನಲ್ಲಿ ಎರಡನ್ನೂ ಒಟ್ಟಿಗೆ ನೋಡಿ. ಅಂಚಿಗೆ ಬಿದ್ದರೆ ಫ್ಲಿಪ್‌ಫ್ಲಾಪಿನ ಕ್ಲಾಕನ್ನು ತಲೆಕೆಳಗು ಮಾಡಬೇಕಾಗುತ್ತದೆ. ಅದಕ್ಕೆ ಬೋರ್ಡಿನಲ್ಲಿ ಒಂದು ಇನ್ವರ್ಟರ್ ಮತ್ತು ಎರಡು ಸೊನ್ನೆ ಓಮ್ ರೆಸಿಸ್ಟರಿನ ಜಾಗ ಮೊದಲೇ ಬಿಟ್ಟಿರಿ.

ಈಗ ಚಿಪ್

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಪಿಸಿಎಂ1794ಎ ಹಳೆಯ ಚಿಪ್. ಮೊದಲ ಕಾರ್ಡಿಗೆ ನಾನು ಇದನ್ನೇ ಹೇಳುತ್ತೇನೆ. ಕಾಲುಗಳು ಕೈಯಲ್ಲಿ ಬೆಸುಗೆ ಹಾಕುವಷ್ಟು ದೂರ ದೂರ ಇವೆ. ಸೆಟ್ಟಿಂಗ್ ಎಲ್ಲ ಪಿನ್ನಿನಲ್ಲೇ, ಸಾಫ್ಟ್‌ವೇರಿನಿಂದ ರಿಜಿಸ್ಟರ್ ಬರೆಯಬೇಕಿಲ್ಲ. ಸ್ಟೀರಿಯೋದಲ್ಲಿ 2 ವೋಲ್ಟ್ ಔಟ್‌ಪುಟ್ಟಿಗೆ 127 ಡೆಸಿಬೆಲ್ ಡೈನಾಮಿಕ್ ರೇಂಜ್ (ಅತಿ ದೊಡ್ಡ ಸದ್ದಿಗೂ ಗಲಾಟೆಗೂ ನಡುವಿನ ಅಂತರ). ಮೇಲೆ ಹೇಳಿದ ಎರಡು ಆಸಿಲೇಟರಿನಲ್ಲೇ 44.1ರಿಂದ 192 ಕಿಲೋಹರ್ಟ್ಸ್ ತನಕ ಎಲ್ಲ ಓಡುತ್ತದೆ: 48ರಲ್ಲಿ 512 ಪಟ್ಟು, 96ರಲ್ಲಿ 256, 192ರಲ್ಲಿ 128.

ಇದರ ಔಟ್‌ಪುಟ್ ವೋಲ್ಟೇಜ್ ಅಲ್ಲ, ಕರೆಂಟ್. ಪೂರ್ಣ ಮಟ್ಟದಲ್ಲಿ 7.8 ಮಿಲಿಆಂಪ್ ಏರಿಳಿತ, ಜೊತೆಗೆ ಸದಾ ಹರಿಯುವ 6.2 ಮಿಲಿಆಂಪ್. ಇದನ್ನು ವೋಲ್ಟೇಜ್ ಮಾಡುವ ಆಪ್ಆಂಪಿಗೆ 750 ಓಮ್ ಹಾಕಿದರೆ ಏರಿಳಿತ 5.85 ವೋಲ್ಟ್. ಸದಾ ಹರಿಯುವ ಕರೆಂಟಿನಿಂದ 4.65 ವೋಲ್ಟ್ ಡಿಸಿ ಬರುತ್ತದೆ. ಅಂದರೆ ಆಪ್ಆಂಪ್ ಔಟ್‌ಪುಟ್ ಎಲ್ಲೋ ಏಳೂವರೆ ವೋಲ್ಟ್ ತನಕ ಏರುತ್ತದೆ. 5 ವೋಲ್ಟ್ ಸಪ್ಲೈಯಲ್ಲಿ ಇದು ನಡೆಯುವುದಿಲ್ಲ, ಪ್ಲಸ್ ಮೈನಸ್ 12 ಬೇಕು ಅಂದದ್ದು ಇದಕ್ಕೇ. ಆ ಡಿಸಿ ಡ್ಯಾಕ್‌ನ ಪ್ಲಸ್, ಮೈನಸ್ ಎರಡೂ ಔಟ್‌ಪುಟ್ಟಿನಲ್ಲಿ ಒಂದೇ ಸಮ ಇರುವುದರಿಂದ ಮುಂದೆ ಎರಡರ ವ್ಯತ್ಯಾಸ ತೆಗೆಯುವ ಡಿಫರೆನ್ಷಿಯಲ್ ಹಂತದಲ್ಲಿ ಕಳೆದುಹೋಗುತ್ತದೆ. ಪೂರ್ತಿ ಕಳೆಯಬೇಕಾದರೆ ಆ ಹಂತದ ಎರಡು ಬದಿಯ ರೆಸಿಸ್ಟರ್ ಜೋಡಿಗಳ ಅನುಪಾತ ಒಂದೇ ಸಮ ಇರಬೇಕು. ಶೇಕಡಾ 0.1ರ ತೆಳುಪದರ ರೆಸಿಸ್ಟರ್ ಹಾಕಿ. ಫೀಡ್‌ಬ್ಯಾಕಿನಲ್ಲಿ 750 ಓಮ್ ಜೊತೆ 2200 ಪಿಕೋಫ್ಯಾರಡ್ ಇಟ್ಟರೆ ಸುಮಾರು 96 ಕಿಲೋಹರ್ಟ್ಸಿನಿಂದ ಮೇಲಿನದ್ದು ಕಡಿಮೆಯಾಗುತ್ತಾ ಹೋಗುತ್ತದೆ. ಇದು ಸಿ0ಜಿ ಜಾತಿಯ ಕೆಪಾಸಿಟರ್ ಆಗಿರಲಿ. ಎಕ್ಸ್7ಆರ್ ಜಾತಿಯದ್ದು ವೋಲ್ಟೇಜ್ ಬದಲಾದಂತೆ ತನ್ನ ಕೆಪಾಸಿಟನ್ಸನ್ನೇ ಬದಲಿಸುತ್ತದೆ, ಬೋರ್ಡ್ ತಟ್ಟಿದರೆ ಮೈಕಿನ ಹಾಗೆ ಸದ್ದನ್ನೂ ಹಿಡಿಯುತ್ತದೆ. ಆಪ್ಆಂಪ್ ಓಪಿಎ1612 ಒಳ್ಳೆಯದು. ಎನ್‌ಇ5534 ಕೂಡ ಸಾಲುತ್ತದೆ, ಡೇಟಾಶೀಟಿನಲ್ಲಿ ಅದನ್ನೇ ಹಾಕಿದ್ದಾರೆ.

ಒಳಗೆ ತರುವ ಕಡೆಗೆ ಪಿಸಿಎಂ1804. ಇದೂ ಪಿನ್ನಿನಲ್ಲೇ ಸೆಟ್ ಆಗುವ ಎಡಿಸಿ, 112 ಡೆಸಿಬೆಲ್. ಕ್ಯಾಸೆಟ್ಟಿನ ವ್ಯಾಪ್ತಿ 50-60 ಡೆಸಿಬೆಲ್ ಮಾತ್ರ ಅಲ್ವಾ, ಇಷ್ಟೆಲ್ಲ ಯಾಕೆ ಅಂತ ಕೇಳುತ್ತಾರೆ. ಚೆಂಡೆ ಯಾವಾಗ ಬೀಳುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲ. ಭಾಗವತರ ಹಾಡು ಮಟ್ಟಸವಾಗಿ ಸಾಗುತ್ತಿರುವಾಗ ಒಮ್ಮೆಲೇ ಚೆಂಡೆಯ ಪೆಟ್ಟು ಮೇಲೇಳುತ್ತದೆ. ಅದಕ್ಕೆಂದೇ ಮೇಲೆ 20 ಡೆಸಿಬೆಲ್ ಖಾಲಿ ಬಿಟ್ಟು ರೆಕಾರ್ಡ್ ಮಾಡುತ್ತೇನೆ. ಖಾಲಿ ಬಿಟ್ಟರೂ ಕೆಳಗೆ ಟೇಪಿನ ಸುಯ್ ಸದ್ದಿನ ಅಡಿಯಲ್ಲಿ ಕಾರ್ಡಿನ ಗಲಾಟೆ ಹುದುಗಿರಬೇಕು. 112 ಇದ್ದರೆ ಎರಡಕ್ಕೂ ಜಾಗ ಇದೆ. ನೇರ ಆಟದ ರೆಕಾರ್ಡಿಂಗಿಗೂ ಇದು ಧಾರಾಳ.

ಚಿಪ್ ಕೊಳ್ಳುವಾಗ ಅಧಿಕೃತ ಡಿಸ್ಟ್ರಿಬ್ಯೂಟರಿಂದಲೇ ಕೊಳ್ಳಿ. ಆಡಿಯೋ ಚಿಪ್‌ಗಳಲ್ಲಿ ನಕಲಿ ಬಹಳ. ಕನೆಕ್ಟರ್, ಕೇಬಲ್, ಬ್ರಾಕೆಟ್ ಬೇಕಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದಾಗ ನೋಡಿ ತರಬಹುದು. ಇನ್ನೊಂದು ಮಾತು. ಕ್ಲಾಕ್, ಪವರ್ ಭಾಗವನ್ನು ಯಾವುದೋ ಒಂದೇ ಡ್ಯಾಕಿಗೆ ಕಟ್ಟಿಹಾಕಬೇಡಿ. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಒಕದಲ್ಲಿ ಅಸಾಹಿ ಕಸೇಯ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು. ಅವರ ಡ್ಯಾಕ್ ನಂಬಿಕೊಂಡಿದ್ದ ಆಡಿಯೋ ಕಂಪನಿಗಳು ಬೋರ್ಡನ್ನೇ ಮತ್ತೆ ಬಿಡಿಸಬೇಕಾಯಿತು.

ಹೊರಗೆ ಹೋಗುವ ಬಾಗಿಲು

ಸ್ಲಾಟಿನ ಬ್ರಾಕೆಟ್ (ಕಾರ್ಡಿನ ಹಿಂಬದಿಯ ತಗಡಿನ ಪಟ್ಟಿ) ಬಹಳ ಇಕ್ಕಟ್ಟು. ಎಕ್ಸ್ಎಲ್ಆರ್ ಕನೆಕ್ಟರ್ ಅದರಲ್ಲಿ ಹಿಡಿಸುವುದಿಲ್ಲ. ಒಂಬತ್ತು ಪಿನ್ನಿನ ಡಿ-ಸಬ್ ಹಾಕಿ, ಅದರಿಂದ ಎಕ್ಸ್ಎಲ್ಆರ್ ಕೇಬಲ್ ಕವಲೊಡೆಸಿ. ಕ್ಯಾಸೆಟ್ ಡೆಕ್ಕಿನಿಂದ ಬರುವ ಸಿಗ್ನಲಿಗೆ ಎರಡು ಆರ್‌ಸಿಎ. ಡಿ-ಸಬ್ಬಿನ ಲೋಹದ ಕವಚ ಮತ್ತು ಕೇಬಲಿನ ಶೀಲ್ಡ್ ನೇರ ಬ್ರಾಕೆಟ್ಟಿಗೆ ಹೋಗಬೇಕು, ಬೋರ್ಡಿನ ಗ್ರೌಂಡಿಗೆ ಅಲ್ಲ. ಎಇಎಸ್48 ಅನ್ನುವ ಮಾನದಂಡ ಇದನ್ನೇ ಹೇಳುತ್ತದೆ. ಶೀಲ್ಡಿನ ಮೇಲೆ ಬರುವ ಕಸ ಕ್ಯಾಬಿನೆಟ್ಟಿನ ಮೈಮೇಲೆ ಹೋಗಲಿ, ಸಿಗ್ನಲಿನ ಗ್ರೌಂಡ್ ಮುಟ್ಟದಿರಲಿ. ಆರ್‌ಸಿಎದಲ್ಲಿ ಹೊರಗಿನ ಉಂಗುರವೇ ಸಿಗ್ನಲಿನ ಗ್ರೌಂಡ್. ಹಾಗಾಗಿ ಅದನ್ನು ಬ್ರಾಕೆಟ್ಟಿಗೆ ತಾಗದ ಹಾಗೆ ಪ್ಲಾಸ್ಟಿಕ್ ವಾಷರ್ ಹಾಕಿ ಕೂರಿಸಿ.

ಔಟ್‌ಪುಟ್ಟಿನಲ್ಲಿ ಒಂದು ರಿಲೇ ಇರಲೇಬೇಕು. ಕಂಪ್ಯೂಟರ್ ಆನ್ ಆದ ಮೇಲೆ ಎರಡು ಮೂರು ಸೆಕೆಂಡ್ ಕಾದು ಅದು ಸದ್ದಿನ ದಾರಿ ತೆರೆಯಬೇಕು, ಆಫ್ ಆಗುವಾಗ ತಕ್ಷಣ ಆ ದಾರಿ ಮುಚ್ಚಬೇಕು. ಮುಚ್ಚುವ ಸೂಚನೆಯನ್ನು ಸ್ಲಾಟಿನ 12 ವೋಲ್ಟಿನಿಂದ ತಗೊಳ್ಳಿ. ರೆಗ್ಯುಲೇಟರಿನ ಕೆಪಾಸಿಟರ್ ಖಾಲಿಯಾಗುವ ಮೊದಲೇ ಅದು ಇಳಿಯುತ್ತದೆ. ನಮ್ಮಲ್ಲಿ ಗುಡುಗು ಮಳೆಗೆ ಕರೆಂಟ್ ಹೋಗಿ ಬಂದು ಮಾಡುವಾಗಲೆಲ್ಲ ಸ್ಪೀಕರ್ ಧಡ್ ಅನ್ನುತ್ತಿದ್ದರೆ ಟ್ವೀಟರ್ ಬಹಳ ದಿನ ಬಾಳುವುದಿಲ್ಲ.

ಅಳೆಯುವುದು

ಕಿವಿಯನ್ನು ನಂಬಿ, ಆದರೆ ಮೊದಲು ಅಳೆಯಿರಿ. ಔಟ್‌ಪುಟ್ಟನ್ನು ಇನ್‌ಪುಟ್ಟಿಗೆ ಒಂದು ಕೇಬಲಿನಲ್ಲಿ ಜೋಡಿಸಿ. ಔಟ್‌ಪುಟ್ 2 ವೋಲ್ಟ್ ಮೀರದ ಹಾಗೆ ನೋಡಿಕೊಳ್ಳಿ. ಆರ್‌ಇಡಬ್ಲ್ಯೂ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ 1 ಕಿಲೋಹರ್ಟ್ಸ್ ಸ್ವರ ಬಿಟ್ಟು ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ಸದ್ದಿದೆ ಅನ್ನುವ ಚಿತ್ರ) ನೋಡಿ. ಆ ಚಿತ್ರ ಓದಲು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ.

50 ಹರ್ಟ್ಸಿನಲ್ಲಿ ಕಂಬ ಎದ್ದಿದ್ದರೆ ಗ್ರೌಂಡ್ ಲೂಪ್, ಅಥವಾ ಹತ್ತಿರದ ಯಾವುದೋ ಟ್ರಾನ್ಸ್‌ಫಾರ್ಮರಿನ ಅಯಸ್ಕಾಂತ ಕ್ಷೇತ್ರ. 100 ಮತ್ತು ಅದರ ಗುಣಕಗಳಲ್ಲಿ ಎದ್ದರೆ ಯಾವುದೋ ಪವರ್ ಸಪ್ಲೈಯ ರೆಕ್ಟಿಫೈಯರ್. 8 ಕಿಲೋಹರ್ಟ್ಸಿನಲ್ಲಿ ಸಣ್ಣ ಸೂಜಿಯಂಥ ಗೆರೆ ಕಂಡರೆ ಅದು ಯುಎಸ್‌ಬಿಯದ್ದು. ಹೈಸ್ಪೀಡ್ ಯುಎಸ್‌ಬಿ ಪ್ರತಿ 125 ಮೈಕ್ರೋಸೆಕೆಂಡಿಗೆ ಒಂದು ಕಂತು ಕಳಿಸುತ್ತದೆ, ಸೆಕೆಂಡಿಗೆ 8,000. ಗಡಿ ದಾಟಿ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಆಗ ಐಸೊಲೇಟರಿನ ಎರಡೂ ಬದಿಯ ಡಿಕಪ್ಲಿಂಗ್ ಕೆಪಾಸಿಟರ್ ನೋಡಿ, ಗಡಿಯ ಮೇಲೆ ಬೆಸುಗೆಯ ಹನಿ ಬಿದ್ದಿದೆಯೇ ನೋಡಿ.

ಇದಾದ ಮೇಲೆ ಗ್ರಾಫಿಕ್ಸ್ ಕಾರ್ಡಿಗೆ ಭಾರದ ಕೆಲಸ ಕೊಟ್ಟು, ಒಂದು ದೊಡ್ಡ ಪುಟವನ್ನು ಮೇಲೆ ಕೆಳಗೆ ಸರಿಸುತ್ತಾ ಅದೇ ಚಿತ್ರ ಮತ್ತೆ ನೋಡಿ. ಕೆಳಗಿನ ಗೆರೆ ಕದಲಬಾರದು. ಅದು ಕದಲದೆ ನಿಂತರೆ ನಿಮ್ಮ ಕಾರ್ಡ್ ಒಳ್ಳೆಯದು. ಕದಲಿದರೆ ಕಾರ್ಡನ್ನು ಗ್ರಾಫಿಕ್ಸ್ ಕಾರ್ಡಿನಿಂದ ಆದಷ್ಟು ದೂರದ ಸ್ಲಾಟಿಗೆ ಹಾಕಿ ಇನ್ನೊಮ್ಮೆ ಅಳೆಯಿರಿ. ದೂರ ಹೋದಾಗ ಕಡಿಮೆಯಾದರೆ ಗಾಳಿಯಲ್ಲಿ ಬರುತ್ತಿರುವುದು, ಶೀಲ್ಡ್ ತಗಡು ಬೇಕು. ಆಗದಿದ್ದರೆ ಪವರಿನಲ್ಲಿ ಬರುತ್ತಿರುವುದು.

ಮಳೆಗಾಲಕ್ಕೆ

ಎಂಎಸ್ಎಲ್ 3 (ತೇವಕ್ಕೆ ಎಷ್ಟು ಸೂಕ್ಷ್ಮ ಅನ್ನುವ ದರ್ಜೆ) ಅಂತ ಬರೆದಿರುವ ಚಿಪ್‌ಗಳನ್ನು ಪೊಟ್ಟಣ ಒಡೆದ ಮೇಲೆ 168 ಗಂಟೆಯೊಳಗೆ ಬೆಸುಗೆ ಹಾಕಬೇಕು. ಆ ಲೆಕ್ಕ 30 ಡಿಗ್ರಿ, ಶೇಕಡಾ 60 ತೇವಾಂಶಕ್ಕೆ. ಜುಲೈ ತಿಂಗಳಿನಲ್ಲಿ ಉಡುಪಿಯಲ್ಲಿ ಶೇಕಡಾ 60 ಎಲ್ಲಿ ಸಿಗುತ್ತದೆ? ಪೊಟ್ಟಣ ಒಡೆದರೆ ಅವತ್ತೇ ಬೆಸುಗೆ ಹಾಕಿ, ಉಳಿದದ್ದನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ತೇವ ಹೀರಿದ ಚಿಪ್ ರಿಫ್ಲೋ (ಇಡೀ ಬೋರ್ಡ್ ಕಾಯಿಸಿ ಬೆಸುಗೆ ಹಾಕುವುದು) ಬಿಸಿಗೆ ಒಳಗೇ ಬಿರುಕು ಬಿಡುತ್ತದೆ, ಹೊರಗೆ ಕಾಣುವುದಿಲ್ಲ. ಅನುಮಾನ ಇದ್ದರೆ ಮೊದಲು ಒಣಗಿಸಿ. ಟ್ರೇಯಲ್ಲಿ ಬಂದದ್ದಾದರೆ 125 ಡಿಗ್ರಿ ತಡೆಯುತ್ತದೆ. ಪ್ಲಾಸ್ಟಿಕ್ ಟೇಪಿನಲ್ಲಿ ಬಂದದ್ದನ್ನು 40 ಡಿಗ್ರಿಯ ಒಣ ಡಬ್ಬಿಯಲ್ಲಿ ದಿನಗಟ್ಟಲೆ ಇಡಬೇಕು.

ಬೆಸುಗೆಯಾದ ಮೇಲೆ ಫ್ಲಕ್ಸ್ ತೊಳೆಯದೆ ಬಿಡಬೇಡಿ, ಡಬ್ಬಿಯ ಮೇಲೆ ನೋ-ಕ್ಲೀನ್ ಅಂತ ಬರೆದಿದ್ದರೂ ಕೂಡ. ನಮ್ಮ ತೇವಕ್ಕೆ ಅದು ಬಿಳಿ ಪುಡಿಯಾಗಿ, ಪಿನ್ನುಗಳ ನಡುವೆ ಕರೆಂಟ್ ಸೋರಿಸುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಷ್ ಅದ್ದಿ ತೊಳೆದು, ಎರಡನೇ ಸಲ ಹೊಸ ಆಲ್ಕೋಹಾಲಿನಲ್ಲಿ ತೊಳೆಯಿರಿ. ಮೊದಲ ಸಲದ್ದು ಕೊಳೆಯನ್ನು ಕರಗಿಸಿ ಬೋರ್ಡ್ ತುಂಬ ಹರಡುತ್ತದೆ ಅಷ್ಟೇ, ತೆಗೆಯುವುದು ಎರಡನೇ ಸಲ. ಐಸೊಲೇಟರಿನ ಹೊಟ್ಟೆಯ ಕೆಳಗೆ ಫ್ಲಕ್ಸ್ ಉಳಿಯುವುದು ಜಾಸ್ತಿ, ಬೋರ್ಡನ್ನು ಓರೆ ಹಿಡಿದು ಅಲ್ಲಿ ಧಾರೆ ಬಿಡಿ.

ಒಣಗಿದ ಮೇಲೆ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ತೆಳು ಲೇಪ) ಹಾಕಿ. ಚಿನ್ನದ ಬೆರಳು, ಕನೆಕ್ಟರ್, ರಿಲೇ ಮೇಲೆ ಬೀಳದ ಹಾಗೆ ಟೇಪ್ ಅಂಟಿಸಿಕೊಳ್ಳಿ. ಆಸಿಲೇಟರಿನ ಮೇಲೆಯೂ ಬೇಡ. ಬೇಸಿಗೆಯಲ್ಲಿ ಒಂದು ರಾತ್ರಿ ಬಿಟ್ಟರೆ ಸಾಕು. ಮಳೆಗಾಲದಲ್ಲಿ ಬಲ್ಬಿನ ಬಿಸಿಯಲ್ಲಿಟ್ಟು ಎರಡು ದಿನ ಬಿಡಿ, ಆಮೇಲೆ ಕಾರ್ಡನ್ನು ಸ್ಲಾಟಿಗೆ ಹಾಕಿ ಸ್ಪೆಕ್ಟ್ರಮ್ ಇನ್ನೊಮ್ಮೆ ತೆಗೆಯಿರಿ. ಕೋಟಿಂಗಿಗೆ ಮೊದಲಿನ ಚಿತ್ರದ ಜೊತೆ ಇಟ್ಟು ನೋಡಿ, ಎರಡನ್ನೂ ತಾರೀಖು ಹಾಕಿ ಉಳಿಸಿಕೊಳ್ಳಿ. ಮುಂದಿನ ವರ್ಷ ಇದೇ ಹೊತ್ತಿಗೆ ಅಳೆದಾಗ ಹೋಲಿಸಲು ಬೇಕಾಗುತ್ತದೆ.